ಹೋಳಿಗೆಯ ಮೇಲೆ ಬಂದ ಅಪವಾದ

ರಬಕವಿಯ ಸಮಸ್ತ ಸಕ್ಕರೆ ಕಾಯಿಲೆಯ ಬಂಧುಗಳೇ, ನನಗಾದ ಅನ್ಯಾಯವನ್ನು ನಿಮ್ಮೆದುರು ಇಡುತ್ತಿದ್ದೇನೆ.

ಮೊನ್ನೆ ಫ್ಲೂ ಲಸಿಕೆ ಹಾಕಿಸಿಕೊಂಡೆ. ನಿನ್ನೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ನೂರಾ ಎಂಬತ್ತು. ತಾಯಿಯ ಮೊಣಕಾಲಿನ ಆಪರೇಶನ್ ಎಂದು ಹೆಂಡತಿ ತೇರದಾಳದ ತವರಿನಲ್ಲಿದ್ದಾಳೆ. ದಿನವೂ ಫೋನಿನಲ್ಲಿ ಅವಳಿಗೆ ಶುಗರ್ ವರದಿ ಒಪ್ಪಿಸಬೇಕು.

"ಖರೇ ಹೇಳ್ರಿ, ಬಾಜೂಮನಿ ಅಕ್ಕ ಹೋಳಿಗಿ ಕೊಟ್ಟಿದ್ರೋ ಇಲ್ಲೋ?"

"ನಿನ್ನಾಣಿ, ಮುಟ್ಟಿಲ್ಲ ಮಾರಾಯ್ತಿ. ಲಸಿಕಿ ಹಾಕಿಸ್ಕೊಂಡ ಮ್ಯಾಲ ಒಂದೆರಡು ದಿನ ಏರಬಹುದು, ತಾನ ಇಳಿತೈತಿ ಅಂತ ನರ್ಸಬಾಯಿ ಹೇಳ್ಯಾರ."

"ಲಸಿಕ್ಯಾಗ ಬೆಲ್ಲ ಹಾಕಿದ್ರೇನು? ನಾಳಿನೂ ಏರಿತ್ತಂದ್ರ ನಾನ ಬರತೇನಿ, ನೋಡ್ರಿ ಮತ್ತ!"

ಲಸಿಕೆ ಬಿದ್ದದ್ದು ತೋಳಿಗೆ, ಅಪವಾದ ಹೊತ್ತದ್ದು ಹೋಳಿಗೆ.

ಇವತ್ತು ಬೆಳಿಗ್ಗೆ ಫೋನ್ ಹಚ್ಚಿ, "ಇನ್ನೂರಕ್ಕ ಹೋಗೇತಿ" ಅಂದೆ.

ಅವಳು ಮೆತ್ತಗೆ, "ಅವ್ವನ್ನ ತಂಗಿ ನೋಡ್ಕೋತಾಳ. ಹತ್ತರ ಬಸ್ಸಿಗಿ ಬರತೇನಿ. ಅಲ್ಲಿತನಕ ಏನೂ ತಿನಬ್ಯಾಡ್ರಿ" ಅಂದಳು.

ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ತೇರದಾಳದ ಕಡೆಯಿಂದ ಬರುವ ಪ್ರತಿ ಬಸ್ಸಿನ ಕಿಟಕಿಗಳನ್ನೂ ಇಣುಕಿ ನೋಡಿದ್ದಾಯಿತು.

ಸಾಕು ಬಿಡಿ, ಅನ್ಯಾಯವೂ ಇಲ್ಲ, ಏನೂ ಇಲ್ಲ. ಬೆಳಿಗ್ಗೆ ಮೀಟರ್ ತೋರಿಸಿದ್ದು ನೂರಾ ಹದಿನೈದು. ಇನ್ನೂರು ಅಂದದ್ದು ನಾನು. ಅವಳನ್ನು ನೋಡಿ ತಿಂಗಳಾಯಿತು.