ಉಲಮಿಲ ಬಿಟ್ಟ ಸೊಪ್ಪು

ನನ್ನ ನಾಲಿಗೆ ಉದ್ದ ಎಂಬುದು ನಮ್ಮ ದ್ವೀಪದ ರೇವಾ ನದಿಯ ಎರಡೂ ದಡಗಳಿಗೆ ಗೊತ್ತು. ಉಲಮಿಲ ಅತ್ತಿಗೆಯ ಕಥೆ ಹೇಳಹೊರಟರೆ ಆ ನಾಲಿಗೆಯ ಕಥೆಯನ್ನೂ ಹೇಳಲೇಬೇಕು.

ಅಣ್ಣ ಇನೋಕೆಯನ್ನು ಮದುವೆಯಾದ ಆರು ವರ್ಷಗಳಲ್ಲಿ ಆಕೆಗೆ ಮೂರು ಬಸಿರು ಇಳಿದವು. ಯಾವುದೋ ಕಟ್ಟಳೆ ಮುರಿದಿರಬೇಕು ಎಂದು ಊರು ಪಿಸುಗುಟ್ಟಿತು. ಅಮ್ಮ ಮಾತ್ರ ಚಾಪೆ ನೇಯುವ ಹೆಂಗಸರ ನಡುವೆಯೇ ಗದರಿದಳು: "ನನ್ನ ಸೊಸೆ ಬಗ್ಗೆ ಆಡ್ಕೊಳ್ಳೋರು ನನ್ನ ಮನೆ ಮೆಟ್ಟಿಲು ಹತ್ತಬೇಡಿ!"

ಕೊನೆಗೆ ಆಕೆಯ ಕಾಲು ಬಾತುಕೊಂಡು ಸುವಾ ಪಟ್ಟಣದ ಆಸ್ಪತ್ರೆಗೆ ಹೋದಾಗ ನಿಜ ತಿಳಿಯಿತು. ಜೊತೆಗಿದ್ದವಳು ನಾನೇ.

"ರೋಗ ಬಂದ್ರೆ ಹೊಡೆದೋಡ್ಸೋಕೆ ಮೈಯೊಳಗೆ ಕಾವಲುಗಾರರು ಇರ್ತಾರೆ," ಎಂದರು ಡಾಕ್ಟರಮ್ಮ. "ನಿನ್ನವರು ಮನೆಯವರನ್ನೇ ಕಳ್ಳರು ಅಂದ್ಕೊಂಡಿದ್ದಾರೆ. ಅದಕ್ಕೇ ರಕ್ತ ನಾಳದೊಳಗೇ ಹೆಪ್ಪುಗಟ್ಟುತ್ತೆ. ಬಸಿರು ನಿಲ್ಲದೇ ಇದ್ದದ್ದೂ ಅದರಿಂದಲೇ. ನಿನ್ನ ತಪ್ಪೇನಿಲ್ಲಮ್ಮ."

ಆ ಕೊನೆಯ ಮಾತಿಗೆ ಅತ್ತಿಗೆ ಮುಖ ಮುಚ್ಚಿಕೊಂಡು ಅತ್ತಳು.

ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು. ಊಟದ ಬಗ್ಗೆ ಕೇಳಿದರು. ತೆಂಗಿನಹಾಲಲ್ಲಿ ಬೆಂದ ಕೆಸುವಿನ ಸೊಪ್ಪಿಲ್ಲದೆ ಆಕೆಗೆ ತುತ್ತು ಇಳಿಯುತ್ತಿರಲಿಲ್ಲ.

"ತಿನ್ನು, ಆದ್ರೆ ದಿನಾ ಒಂದೇ ಅಳತೆ. ಸೊಪ್ಪು ಮಾತ್ರೆಯ ಬಲ ಕುಗ್ಗಿಸುತ್ತೆ. ನೀನು ತಿನ್ನೋದಕ್ಕೆ ತಕ್ಕ ಹಾಗೇ ಮಾತ್ರೆ ಗೊತ್ತುಮಾಡಿದ್ದೀನಿ. ಹೆಚ್ಚೂ ಮಾಡ್ಬೇಡ, ಕಡಿಮೆನೂ ಮಾಡ್ಬೇಡ."

ಹೆಚ್ಚು ಮಾಡಬಾರದೆಂಬುದು ನಮ್ಮಿಬ್ಬರ ತಲೆಯಲ್ಲಿ ಕೂತಿತು. ಇನ್ನೊಂದು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

ಎರಡು ವರ್ಷ ಆಕೆ ಚೆನ್ನಾಗಿದ್ದಳು. ಆಮೇಲೆ ಅಮ್ಮ ಹೋದಳು. ಮಣ್ಣು ಮಾಡಿ ಬಂದು ಮನೆಯವರೆಲ್ಲ ಚಾಪೆಯ ಮೇಲೆ ಕುಳಿತೆವು. ಸತ್ತವರಿಗಾಗಿ ನೂರು ರಾತ್ರಿ ಕಳೆಯುವವರೆಗೆ ಒಬ್ಬೊಬ್ಬರೂ ತಮಗೆ ಪ್ರಿಯವಾದದ್ದೊಂದನ್ನು ಬಿಡುವುದು ನಮ್ಮ ಪದ್ಧತಿ. ಅಣ್ಣ ಮತ್ತು ತರುವ ಯಂಗೋನ ಬೇರಿನ ರಸ ಕುಡಿಯುವುದನ್ನು ಬಿಟ್ಟ. ನಾನು ಹೊಗೆಸೊಪ್ಪು ಬಿಟ್ಟೆ.

"ನಾನು ಸಕ್ಕರೆ ಬಿಡ್ತೀನಿ," ಎಂದಳು ಅತ್ತಿಗೆ.

ನನಗೆ ತಡೆಯಲಾಗಲಿಲ್ಲ. "ಚಹಾಕ್ಕೆ ಸಕ್ಕರೆನೇ ಹಾಕ್ಕೊಳ್ಳದೋಳು ಸಕ್ಕರೆ ಬಿಡ್ತಾಳಂತೆ! ಅಮ್ಮನ ಮೇಲೆ ಇಷ್ಟು ಅಗ್ಗದ ಪ್ರೀತೀನಾ ಅತ್ತಿಗೆ?"

ಅತ್ತು ಅತ್ತು ಸಾಕಾಗಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆಮೇಲೆ ಮೆಲ್ಲಗೆ, "ಸರಿ, ಕೆಸುವಿನ ಸೊಪ್ಪು ಬಿಟ್ಟೆ," ಎಂದಳು.

"ಹಾಂ, ಇದಪ್ಪಾ ಮಾತು!" ಎಂದೆ.

ಅತ್ತಿಗೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಸೊಪ್ಪಿನ ಒಂದೆಲೆಯನ್ನೂ ಬಾಯಿಗಿಡಲಿಲ್ಲ. ಸಾವಿನ ಮನೆ ಬಿಟ್ಟು ಹೋಗುವುದು ಹೇಗೆಂದು ಮಾತ್ರೆಗಾಗಿ ತಿಂಗಳು ತಿಂಗಳೂ ಮಾಡಿಸುತ್ತಿದ್ದ ರಕ್ತಪರೀಕ್ಷೆಯನ್ನು ಆ ಸಲ ಮುಂದೂಡಿದಳು. ಮೂರನೇ ವಾರ ತೋಳಿನ ಮೇಲೆ ನೀಲಿ ಕಲೆ ಕಂಡು ಏನೆಂದು ಕೇಳಿದೆ.

"ಸೌದೆ ತಾಗಿರಬೇಕು, ಬಿಡೇ."

ಬಿಟ್ಟೆ. ನಾಲ್ಕು ದಿನಗಳ ಮೇಲೆ ತಲೆನೋವೆಂದು ಮಲಗಿದವಳು ಕರೆದರೂ ಏಳಲಿಲ್ಲ.

"ತಲೆಯೊಳಗೆ ರಕ್ತ ಸೋರಿದೆ," ಎಂದರು ಅದೇ ಡಾಕ್ಟರಮ್ಮ. "ಈಚೆಗೆ ಊಟದಲ್ಲಿ ಏನಾದ್ರೂ ಬದಲಾಯ್ತಾ?"

ಅಣ್ಣ ಹೆಮ್ಮೆಯಿಂದಲೇ ಹೇಳಿದ: "ನಮ್ಮಮ್ಮನಿಗೋಸ್ಕರ ಕೆಸುವಿನ ಸೊಪ್ಪು ಬಿಟ್ಟಿದ್ದಾಳೆ ಡಾಕ್ಟ್ರೇ. ಅಮ್ಮ ಅಂದ್ರೆ ಅಷ್ಟು ಜೀವ ಇವಳಿಗೆ."

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆತ್ತಗೆ, ಸೊಪ್ಪು ನಿಂತದ್ದರಿಂದ ಮಾತ್ರೆಯ ಬಲ ಏರಿ ರಕ್ತ ಅತಿ ತೆಳುವಾಯಿತೆಂದು ಬಿಡಿಸಿ ಹೇಳಿದರು.

ಮರುದಿನ ಬೆಳಿಗ್ಗೆ ಅತ್ತಿಗೆ ತೀರಿಕೊಂಡಳು. ಶವಪೆಟ್ಟಿಗೆಯನ್ನು ದೋಣಿಯಲ್ಲಿಟ್ಟು ಊರಿಗೆ ಬರುವಾಗ, "ಅವಳನ್ನ ಹಂಗಿಸಿದ್ದು ನಾನು ಅಣ್ಣಾ," ಎಂದೆ. ಬೈಯಲಿ, ನದಿಗೆ ನೂಕಲಿ ಎಂದು ಕಾದೆ.

ಅಣ್ಣ ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

"ಆವತ್ತು ನಾನೂ ನಕ್ಕಿದ್ದೆ," ಎಂದ.