ಪ್ಲೇಟಿನಲ್ಲಿ ಹಿಡಿಯದ ಕೊನೆಯ ನುಡಿ

ಇವತ್ತು ವಿಜಯನಗರದ ಮಾರ್ಕೆಟ್ ಹತ್ತಿರದ ಹಳೇ ಸಾಮಾನಿನ ಅಂಗಡಿಯಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ಕಂಡೆ. ಒಂದನ್ನು ಎತ್ತಿಕೊಂಡಾಗ ಅದರ ಭಾರ, ಬೆರಳಿಗೆ ತಾಗಿದ ಸಣ್ಣ ಗೆರೆಗಳು ನನ್ನನ್ನು ರಾಜಾಜಿನಗರದ ನಮ್ಮ ಬಾಲ್ಯದ ಮನೆಗೆ ಕರೆದೊಯ್ದವು.

ಚಿಕ್ಕಪ್ಪ ಪ್ಲೇಟನ್ನು ಪಂಚೆಯ ತುದಿಯಿಂದ ಒರೆಸಿ, ಕೀ ಕೊಟ್ಟು, ಮುಳ್ಳು ಇಳಿಸುತ್ತಿದ್ದರು. ನಮ್ಮ ಮೆಚ್ಚಿನ ಗಾಯಕರು ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ ಹಾಡುವವರು. ಅವರ ಒಂದು ಹಾಡಿನಲ್ಲಿ, ತವರಿಗೆ ಹೊರಟ ಹುಡುಗಿ ತುಂಬಿದ ಹೊಳೆಯ ದಡದಲ್ಲಿ ನಿಂತು ಅಂಬಿಗನನ್ನು ಕೂಗುತ್ತಾಳೆ. ಅಷ್ಟಕ್ಕೇ ಹಾಡು ಮುಗಿಯುತ್ತಿತ್ತು. ಅವಳು ಮುಳುಗಿಯೇ ಹೋದಳೆಂದು ಅಜ್ಜಿಗೆ ಭಯ. ನನಗೂ ಅದೇ ಚಿಂತೆ.

ಒಂದು ವರ್ಷ ರಾಮನವಮಿಗೆ ಆ ಗಾಯಕರೇ ನಮ್ಮ ಬಡಾವಣೆಯ ಚಪ್ಪರಕ್ಕೆ ಬಂದರು. ಅದೇ ದನಿ, ಹತ್ತು ಮಾರು ದೂರದಲ್ಲಿ! ನನ್ನ ಮೈಯೆಲ್ಲ ಜುಮ್ಮೆಂದಿತು. ಅದೇ ಹಾಡು ಬಂತು, ಹುಡುಗಿ ಅಂಬಿಗನನ್ನು ಕೂಗಿದಳು. ಗಾಯಕರು ನಿಲ್ಲಿಸಿ ನೀರು ಕುಡಿದರು. ಅಜ್ಜಿ ಎದ್ದೇ ನಿಂತರು.

"ಏನಪ್ಪಾ, ಆ ಮಗೂನ ದಡದಲ್ಲೇ ಬಿಟ್ಬಿಟ್ಯಲ್ಲ! ನಿಂಗೆ ಅಕ್ಕತಂಗೀರಿಲ್ವಾ?"

ಚಪ್ಪರವೆಲ್ಲ ನಕ್ಕಿತು. ಅವರೂ ನಕ್ಕು ಕೈಮುಗಿದರು. "ಪ್ಲೇಟು ಮೂರೇ ನಿಮಿಷ ಅಲ್ವಾ ತಾಯಿ, ಕೊನೇ ನುಡಿ ಹಿಡೀಲಿಲ್ಲ. ಕೂತ್ಕೊಳ್ಳಿ, ಈಗ ದಾಟಿಸ್ತೀನಿ."

ದಾಟಿಸಿದರು. ಅಜ್ಜಿ ನನ್ನ ಕೈ ಹಿಸುಕಿ, "ಸೇರ್ಕೊಂಡ್ಳು ಕಣೇ, ಮನೆ ಸೇರ್ಕೊಂಡ್ಳು!" ಎಂದರು.

ಒಮ್ಮೆ ಮಾತ್ರ ಕೇಳಿದ ಆ ನುಡಿಯ ಪದಗಳು ನನಗೀಗ ನೆನಪಿಲ್ಲ. ಮೊಮ್ಮಗಳಿಗೆ ದಡದವರೆಗೆ ಹಾಡುತ್ತೇನೆ. ಅಲ್ಲಿಂದಾಚೆಗೆ ಹುಡುಗಿಯನ್ನು ಬರೀ ಮಾತಿನಲ್ಲೇ ಮನೆ ಸೇರಿಸುತ್ತೇನೆ.