ಸೋಮವಾರ, ಗುರುವಾರ ಹಾಗೂ ಶನಿವಾರದ ಉಪವಾಸಗಳ ನಿಜ ಕಾರಣ ಕುರಿತು

ಪೂಜ್ಯ ಶಾಂತಕ್ಕನವರ ಸನ್ನಿಧಿಗೆ,

ಈ ಪತ್ರದ ಮೂಲಕ ತಮ್ಮಲ್ಲಿ ಒಪ್ಪಿಕೊಳ್ಳುವುದೇನೆಂದರೆ, ತಮ್ಮ ಬೈಲಹೊಂಗಲದ ಮನೆಯ ಹಿತ್ತಲ ಖೋಲಿಯಲ್ಲಿ ನಾನು ಬಾಡಿಗೆಗಿದ್ದ ನಾಲ್ಕು ವರ್ಷಗಳಲ್ಲಿ ಸೋಮವಾರ, ಗುರುವಾರ ಹಾಗೂ ಶನಿವಾರ ಮಾಡಿದ ಉಪವಾಸಗಳಲ್ಲಿ ಒಂದೇ ಒಂದೂ ದೇವರಿಗಾಗಿ ಇರಲಿಲ್ಲ. ಊಟಕ್ಕೆ ದುಡ್ಡು ಸಾಲುತ್ತಿರಲಿಲ್ಲ — ಅಷ್ಟೇ.

ಇಷ್ಟನ್ನು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದಿದ್ದೇನೆ. ಕಚೇರಿಯ ಪತ್ರಗಳನ್ನು ಸಾವಿರಾರು ಟೈಪು ಮಾಡಿದ ನನಗೆ ಸ್ವಂತ ಪತ್ರ ಬರೆದು ರೂಢಿಯಿಲ್ಲ. ಆದ್ದರಿಂದ ಬರುವ ರೀತಿಯಲ್ಲಿಯೇ ಬರೆಯುತ್ತೇನೆ; ತಪ್ಪಿದ್ದಲ್ಲಿ ಮನ್ನಿಸಬೇಕು. ದೊಡ್ಡ ತಪ್ಪು ಮುಂದೆ ಬರಲಿದೆಯಾದ್ದರಿಂದ ಚಿಕ್ಕವನ್ನು ಈಗಲೇ ಮನ್ನಿಸಿಬಿಡುವುದು ಅನುಕೂಲ.

ತಮಗೆ ನೆನಪಿರಬಹುದು — ತೊಂಬತ್ತರ ದಶಕದ ನಡುವಿನಲ್ಲಿ ರಾಮದುರ್ಗದ ಕಡೆಯ ಹಳ್ಳಿಯಿಂದ ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೋವು ಹಿಡಿದುಕೊಂಡು ನಾನು ತಮ್ಮ ಬಾಗಿಲಿಗೆ ಬಂದೆ. ಕಚೇರಿಯೊಂದರಲ್ಲಿ ದಿನಗೂಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಒಬ್ಬಳೇ ಇರುವ ಹುಡುಗಿಗೆ ಖೋಲಿ ಕೊಡಲು ಅದಕ್ಕೂ ಮುಂಚೆ ಆರು ಮನೆಯವರು ಒಪ್ಪಿರಲಿಲ್ಲ. ತಾವು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು:

"ನೀರು ಜ್ವಾಕಿಲೆ ಬಳಸ್ತಿಯೇನವಾ?"

ಜೋಪಾನವಾಗಿ ಬಳಸುತ್ತೇನೆಂದೆ. ಇನ್ನೂರು ರೂಪಾಯಿ ಬಾಡಿಗೆ ಎಂದಿರಿ. ಒಪ್ಪಿದೆ. ಒಪ್ಪಿದ ಮೇಲೆ ಲೆಕ್ಕ ಹಾಕಿದೆ — ಮೊದಲು ಹಾಕಬೇಕಾಗಿತ್ತು.

ತಿಂಗಳಿಗೆ ಕೈಗೆ ಬರುತ್ತಿದ್ದುದು ಏಳುನೂರು ಚಿಲ್ಲರೆ. ಕಚೇರಿಯಲ್ಲಿ ಎಸೆಯುತ್ತಿದ್ದ ಕಂದು ಲಕೋಟೆಗಳನ್ನು ತಂದು, ವಿಳಾಸ ಹೊಡೆದುಹಾಕಿ, ಅವುಗಳ ಮೇಲೆ ಬಾಡಿಗೆ, ಅವ್ವ, ಎಣ್ಣೆ, ಬಸ್ಸು, ಊಟ ಎಂದು ಬರೆದು ಗೂಟಕ್ಕೆ ಸಿಕ್ಕಿಸಿದ್ದೆ. ಬಾಡಿಗೆಗೆ ಇನ್ನೂರು. ಊರಲ್ಲಿದ್ದ ಅವ್ವನಿಗೆ ಇನ್ನೂರು. ಸೀಮೆಎಣ್ಣೆ, ಸೋಪು, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಬಸ್ಸು ಇತ್ಯಾದಿ ಕಳೆದು ಊಟದ ಲಕೋಟೆಗೆ ಉಳಿಯುತ್ತಿದ್ದುದು ಮತ್ತೆ ಇನ್ನೂರರ ಆಸುಪಾಸು. ಮುಂಜಾನೆ ಒಂದು, ಸಂಜೆ ಒಂದು ಎಂದು ವಾರಕ್ಕೆ ಹದಿನಾಲ್ಕು ಊಟ ಬೇಕು. ಎಷ್ಟು ಹಿಂಡಿದರೂ ಆ ಲಕೋಟೆಯಿಂದ ಹನ್ನೊಂದೇ ಬರುತ್ತಿದ್ದವು. ಮೂರು ಊಟ ಕೊರತೆ.

ಒಂದು ಸೋಮವಾರ ಮುಂಜಾನೆ ಸ್ಟೋವು ಹಚ್ಚದೆ ಕಚೇರಿಗೆ ಹೊರಟಿದ್ದೆ. ತಾವು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವರು ತಲೆಯೆತ್ತಿ ಕೇಳಿದಿರಿ:

"ಯಾಕ ಸಾವಿತ್ರಿ, ಒಲಿ ಹಚ್ಚಿಲ್ಲ ಇವತ್ತ? ಮೈಯಾಗ ಆರಾಮಿಲ್ಲೇನ?"

ಕೊರತೆಯಿದೆ ಎನ್ನಲು ನಾಲಿಗೆ ಹೊರಳಲಿಲ್ಲ. ಬಾಡಿಗೆ ಕೊಡುವಷ್ಟು ಗಳಿಸದವಳು ಎಂದುಕೊಂಡರೆ — ಏಳನೆಯ ಮನೆ ಹುಡುಕಬೇಕಾದೀತೆಂದು — ಏನು ಯೋಚಿಸಿದೆನೋ ಈಗ ಸರಿಯಾಗಿ ಹೇಳಲಾರೆ. ಬಾಯಿಂದ ಬಂದದ್ದು ಇದು:

"ಇವತ್ತ ನನ್ನ ವಾರ ಐತ್ರೀ ಅಕ್ಕಾರ."

ವಾರ ಹಿಡಿದವಳು, ದೇವರಿಗೆಂದು ಸಂಜೆಯವರೆಗೆ ಉಪವಾಸವಿರುವವಳು — ತಮ್ಮ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಗೀತಾ, ಏ ಗೀತಾ! ಬಾ ಇಲ್ಲೆ, ನೋಡು! ನಿನಗಿಂತಾ ಎರಡ ವರ್ಷ ದೊಡ್ಡಾಕಿ, ಹೆಂಗ ವಾರ ಮಾಡತಾಳ. ನೀ ಹಾಸಿಗಿ ಮ್ಯಾಲಿಂದ ಏಳೂಕಿಂತ ಮೊದಲ ಉಣ್ಣಾಕ ಕೇಳತಿ!"

ತಮ್ಮ ಮಗಳು ನನ್ನನ್ನು ನೋಡಿದ ನೋಟದಲ್ಲಿ ಭಕ್ತಿಯೇನೂ ಇರಲಿಲ್ಲ. ಆದರೆ ತಾವು ನನ್ನನ್ನು ಬರಿಹೊಟ್ಟೆಯಲ್ಲಿ ಹೋಗಗೊಡಲಿಲ್ಲ. ಉಪವಾಸದವರಿಗೆ ನಡೆಯುತ್ತದೆಂದು ತುಪ್ಪದಲ್ಲಿ ಮಾಡಿದ ಸಾಬೂದಾಣಿ ಉಸುಳಿ, ಎರಡು ಬಾಳೆಹಣ್ಣು, ಒಂದು ಲೋಟ ಕೆನೆಹಾಲು ತಂದಿಟ್ಟಿರಿ. ನನ್ನ ಹನ್ನೊಂದು ಊಟಗಳಲ್ಲಿ ಒಂದೂ ಆ ಉಪವಾಸದ ಸಮಕ್ಕೆ ಬರುತ್ತಿರಲಿಲ್ಲ.

ಮುಂದಿನದನ್ನು ವಿವರಿಸಲು ಸಂಕೋಚವಾಗುತ್ತದೆ. ಆ ವಾರದಲ್ಲಿಯೇ ಗುರುವಾರವೂ ನನ್ನ ವಾರವಾಯಿತು. ಮರುವಾರ ಶನಿವಾರವೂ ಸೇರಿತು. ಮೂರು ಊಟದ ಕೊರತೆ ಮೂರು ದಿನದ ಉಪವಾಸಗಳಿಂದ ಸರಿಹೋಯಿತು. ನಾಲ್ಕನೆಯದನ್ನು ಸೇರಿಸುವ ಆಸೆ ಬಂದದ್ದೂ ನಿಜ — ತಮ್ಮ ಶೇಂಗಾ ಉಂಡಿಯ ದೆಸೆಯಿಂದ — ಆದರೆ ಅಷ್ಟು ಧೈರ್ಯ ಸಾಲಲಿಲ್ಲ.

ಎಂಟು ತಿಂಗಳ ನಂತರ ತಾವು ಒಂದು ದಿನ ಬಾಡಿಗೆಯ ಇನ್ನೂರರಲ್ಲಿ ಐವತ್ತನ್ನು ನನ್ನ ಕೈಯಲ್ಲಿಯೇ ಮರಳಿ ಇಟ್ಟಿರಿ. "ವಾರ ಮಾಡೋ ಹುಡುಗಿ ಮನ್ಯಾಗ ಇರೂದ ನಮ್ಮ ಪುಣ್ಯ. ಇನ್ನ ಮ್ಯಾಲ ನೂರಾ ಐವತ್ತ ಕೊಡು ಸಾಕು" ಎಂದಿರಿ.

ನನ್ನ ನಿಜವಾದ ಅಪರಾಧ ಆರಂಭವಾಗುವುದು ಇಲ್ಲಿಂದ. ಖೋಲಿಗೆ ಹೋಗಿ ಲಕೋಟೆಗಳನ್ನು ಹರಡಿ ನೋಡಿದೆ. ಆ ಐವತ್ತು ರೂಪಾಯಿಯಲ್ಲಿ ನನ್ನ ಮೂರೂ ಊಟಗಳು ಹೆಚ್ಚುಕಡಿಮೆ ಬಂದುಬಿಡುತ್ತಿದ್ದವು. ಉಪವಾಸದ ಅಗತ್ಯವೇ ಇರಲಿಲ್ಲ. ಆದರೆ ಉಪವಾಸ ಬಿಟ್ಟರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಉಪವಾಸ ಮಾಡಬೇಕಾಗುತ್ತದೆ. ಎಷ್ಟು ಸಲ ಕೂಡಿ ಕಳೆದರೂ ಈ ಲೆಕ್ಕದಿಂದ ಹೊರಗೆ ಬರುವ ದಾರಿ ಕಾಣಲಿಲ್ಲ. ಒಂದೇ ದಾರಿಯಿತ್ತು — ಹಿತ್ತಲು ದಾಟಿ ಬಂದು ನಿಜ ಹೇಳುವುದು. ಹದಿನೈದು ಹೆಜ್ಜೆ. ನಲವತ್ತು ತಿಂಗಳಾದರೂ ಆ ಹದಿನೈದು ಹೆಜ್ಜೆ ನಡೆಯಲಿಲ್ಲ.

ಅಷ್ಟರಲ್ಲಿ ಗೀತಾಳಿಗೆ ಬಂದ ಲಗ್ನದ ಸಂಬಂಧಗಳು ಒಂದರ ಹಿಂದೊಂದು ತಪ್ಪುತ್ತಿದ್ದವು. ತಾವು ಒಮ್ಮೆ ಬಂದು, "ಯಾವ ವಾರ ಹಿಡೀಲಿ, ಹೇಳವಾ" ಎಂದು — ನನ್ನನ್ನು, ನನ್ನನ್ನು! — ಕೇಳಿದಿರಿ. ನಾನು "ಶನಿವಾರ ಹಿಡೀರಿ ಅಕ್ಕಾರ" ಎಂದೆ. ಶನಿವಾರವೇ ಏಕೆಂದರೆ, ಆ ದಿನ ತಾವು ಹೇಗಿದ್ದರೂ ನನಗಾಗಿ ಉಸುಳಿ ಮಾಡುತ್ತಿದ್ದಿರಿ. ತಮಗೆ ಬೇರೆ ತ್ರಾಸಾಗಬಾರದೆಂದು. ಇದಕ್ಕಿಂತ ದೊಡ್ಡ ಶಾಸ್ತ್ರಾಧಾರ ನನ್ನಲ್ಲಿರಲಿಲ್ಲ.

ತಾವು ಹಿಡಿದಿರಿ. ತಮ್ಮ ಯಜಮಾನರಾದ ಕಾಕಾರಿಗೂ ಹಿಡಿಸಿದಿರಿ. ಕಾಳುಕಡಿ ವ್ಯಾಪಾರದ ಆ ದೊಡ್ಡ ಮೈಯ ಮನುಷ್ಯರು ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ್ದು ಕಿವಿಯಲ್ಲಿದೆ:

"ತಂಗಿ, ವಾರಕ್ಕ ಇರೂವ ಏಳ ದಿನಾ. ನೀವಿಬ್ರೂ ಕೂಡಿ ಎಲ್ಲಾ ದೇವರಿಗೆ ಹಂಚಿಬಿಟ್ರ ನನ್ನ ಹೊಟ್ಟಿ ಪಾಲಿಗೆ ಯಾವ ದಿನಾ ಉಳೀತೈತಿ?"

ಕಾಕಾ ಈಗಿಲ್ಲ. ಅವರಿಗೆ ಸಂಬಂಧಿಸಿದ ಒಂದು ಗುಟ್ಟನ್ನು ಹೇಳಬಹುದೋ ಬಾರದೋ — ಬಹಳ ಯೋಚಿಸಿದೆ. ಇದ್ದಿದ್ದರೆ ಅವರೇ ನಕ್ಕು ಹೇಳುತ್ತಿದ್ದರೆಂಬ ನಂಬಿಕೆಯಿಂದ ನಿವೇದಿಸುತ್ತೇನೆ. ಒಂದು ಶನಿವಾರ ಕಚೇರಿಯ ಕಡತ ಕೊಡಲು ನನ್ನನ್ನು ಕಿತ್ತೂರಿಗೆ ಕಳಿಸಿದ್ದರು. ಹಿಂದಿನ ದಿನವಷ್ಟೇ ಎರಡು ತಿಂಗಳ ಬಾಕಿ ಕೂಲಿ ಒಟ್ಟಿಗೆ ಬಂದಿತ್ತು. ಕೆಲಸ ಮುಗಿಸಿ ಹೆದ್ದಾರಿಯ ಬದಿಯ ಖಾನಾವಳಿಗೆ ನುಗ್ಗಿ, ಬಿಸಿರೊಟ್ಟಿ, ಎಣ್ಣೆಗಾಯಿ ಹಾಕಿಸಿಕೊಂಡು, ಜೊತೆಗೆ ಒಂದು ತಾಟು ಮಿರ್ಚಿಭಜಿಯನ್ನೂ ಹೇಳಿದೆ. ಮೊದಲ ತುತ್ತು ಬಾಯಲ್ಲಿದ್ದಾಗ ಕಂಬದ ಆಚೆ ಯಾರೋ ಜೋರಾಗಿ ತೇಗಿದರು. ತಿರುಗಿ ನೋಡಿದರೆ — ಕಾಕಾ. ಅವರ ತಾಟಿನಲ್ಲಿಯೂ ಎಣ್ಣೆಗಾಯಿ.

ಅವರು ತಾಟನ್ನು ಕೈಯಿಂದ ಮರೆಮಾಡಿದರು.

"ತಂಗಿ, ನಾ ಇಲ್ಲಿಗೆ ಬಂದಿಲ್ಲ" ಎಂದರು.

"ನಾನೂ ಬಂದಿಲ್ರೀ ಕಾಕಾ."

"ಹಂಗಾರ ಬರಲಾರದವರು ಇನ್ನೊಂದೊಂದ ರೊಟ್ಟಿ ಹಾಕಿಸ್ಕೊಳ್ಳೂಣು. ಬಿಲ್ಲ ನಾ ಕೊಡ್ತೇನಿ."

ಸಂಜೆ ತಾವು, "ದಿನಾಪೂರ್ತಿ ಹಸದೀರಿ, ಮಾರಿ ನೋಡ್ರಿ ಹೆಂಗ ಬಾಡ್ಯಾವ" ಎಂದು ಇಬ್ಬರಿಗೂ ಮೂರು ಮೂರು ರೊಟ್ಟಿ ಬಡಿಸಿದಿರಿ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಬೇಡವೆನ್ನುವ ಹಾಗೂ ಇರಲಿಲ್ಲ. ಕಾಕಾ ಪ್ರತಿ ತುತ್ತಿಗೊಮ್ಮೆ ಮೇಲುಸಿರು ಬಿಡುತ್ತಿದ್ದರು. ತಾವು ಅದನ್ನು ಹಸಿವೆಂದು ತಿಳಿದು ನಾಲ್ಕನೆಯದನ್ನು ಹಾಕಿದಿರಿ. ಅವರು ಕೊನೆಯವರೆಗೂ ನಾನು ಆ ಒಂದು ದಿನ ಮಾತ್ರ ತಪ್ಪಿದೆನೆಂದೇ ನಂಬಿದ್ದರು. ನಾನು ಅದನ್ನೂ ತಿದ್ದಲಿಲ್ಲ.

ನಂತರ ಸವದತ್ತಿಯ ಸಂಬಂಧ ಕೂಡಿಬಂತು. ಗೀತಾಳ ಲಗ್ನದಲ್ಲಿ ತಾವು ಬಂಧುಗಳೆದುರು ನನ್ನ ಕೈಹಿಡಿದು, "ಈಕಿ ಹೇಳಿಕೊಟ್ಟ ವಾರದ ಫಲ" ಎಂದಿರಿ. ಲಗ್ನವಾಗದವಳೆಂದರೂ ಕೇಳದೆ ಮದುಮಗಳಿಗೆ ಮೊದಲ ಉಡಿ ನನ್ನ ಕೈಯಿಂದ ತುಂಬಿಸಿದಿರಿ. ನೆರೆದ ಹೆಂಗಸರು ನನ್ನನ್ನು ನೋಡಿದ ರೀತಿ — ಬೇಗಬೇಗ ಅಕ್ಕಿ ಹಾಕಿ ಹಿಂದೆ ಸರಿದೆ. ಲಗ್ನ ಕೂಡಿದ್ದು ಗೀತಾಳ ಗುಣದಿಂದ, ಅವಳ ನಗುವಿನಿಂದ. ಅವಳ ಪಾಲಿನ ಹೊಗಳಿಕೆಯನ್ನು ನಾನು ಕದ್ದೆ.

ಅದಾದ ಮೇಲೆ ನನಗೆ ರಾಮದುರ್ಗದಲ್ಲಿ ಕಾಯಂ ನೌಕರಿಯಾಯಿತು, ಖೋಲಿ ಬಿಟ್ಟೆ, ಅದೇ ದಿನದಿಂದ ಮೂರೂ ವಾರಗಳನ್ನು ಬಿಟ್ಟೆ. ತಾವೂ ಬಿಟ್ಟಿರಬಹುದೆಂದು ನನ್ನಷ್ಟಕ್ಕೆ ನಾನೇ ಅಂದುಕೊಂಡು ಹತ್ತು ವರ್ಷ ಸುಖವಾಗಿ ಉಂಡೆ.

ಹೋದ ತಿಂಗಳು ಸವದತ್ತಿಯ ಬಸ್ ನಿಲ್ದಾಣದಲ್ಲಿ ಗೀತಾ ಸಿಕ್ಕಳು. ನಗುನಗುತ್ತ ಮಾತಾಡಿದವಳು ತಮ್ಮ ಸುದ್ದಿ ಬಂದೊಡನೆ ಸಣ್ಣಗಾದಳು.

"ಅವ್ವಗ ಸಕ್ಕರಿ ಬ್ಯಾನಿ ಆಗೈತ್ರಿ ಅಕ್ಕಾರ. ಒಂದ ಹೊತ್ತೂ ಉಪಾಸ ಇರಬ್ಯಾಡ್ರಿ ಅಂತ ಡಾಕ್ಟರು ಬೈದಾರ. ಕೇಳಬೇಕಲ್ಲ? ಎರಡ ಸಲ ಶನಿವಾರನ ಕಣ್ಣಿಗೆ ಕತ್ತಲಿ ಬಂದು ಕಟ್ಟಿ ಮ್ಯಾಲಿಂದ ಬಿದ್ದಾಳ. 'ಸಾವಿತ್ರಿ ಹಚ್ಚಿಕೊಟ್ಟ ವಾರ, ಜೀವ ಇರೂತನಾ ಬಿಡಾಂಗಿಲ್ಲ' ಅಂತಾಳ."

ಆಕೆಯೇ ದಾರಿಯೊಂದನ್ನು ಸೂಚಿಸಿದಳು: "ಹನುಮಪ್ಪ ಕನಸಿನ್ಯಾಗ ಬಂದು ಸಾಕಂದಾನ ಅಂತ ನೀವರೆ ಒಂದ ಮಾತ ಹೇಳ್ರಿ. ನಿಮ್ಮ ಮಾತ ಮೀರಾಂಗಿಲ್ಲ ಆಕಿ."

ಅಕ್ಕಾ, ಅದು ಸುಲಭವಾಗಿತ್ತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು — ತಾವು ಉಣ್ಣುತ್ತಿದ್ದಿರಿ, ನಾನು ದೊಡ್ಡವಳಾಗಿಯೇ ಉಳಿಯುತ್ತಿದ್ದೆ. ಫೋನನ್ನು ಕೈಯಲ್ಲಿ ಹಿಡಿದೂ ಇದ್ದೆ. ಆದರೆ ನನ್ನ ಹಸಿವನ್ನು ಒಮ್ಮೆ ದೇವರ ಹೆಸರಿಗೆ ಬರೆದವಳು, ಈಗ ತಮ್ಮ ಊಟವನ್ನೂ ಅವನ ಹೆಸರಿಗೇ ಬರೆಯಬೇಕೆ? ಆಗಲಿಲ್ಲ.

ಆದ್ದರಿಂದ ವಿನಂತಿಸುವುದೇನೆಂದರೆ, ತಾವು ಹಿಡಿದ ಶನಿವಾರಕ್ಕೆ ಆಧಾರ ಯಾವುದೂ ಇಲ್ಲ. ಅದು ಒಬ್ಬ ಟೈಪಿಸ್ಟಳ ಊಟದ ಲಕೋಟೆಯಲ್ಲಿದ್ದ ಕೊರತೆ. ತಾವು ಅದನ್ನು ಇಷ್ಟು ವರ್ಷ ತಮ್ಮ ಹೊಟ್ಟೆಯಿಂದ ತುಂಬಿಕೊಟ್ಟಿದ್ದೀರಿ. ದಯವಿಟ್ಟು ಉಣ್ಣಬೇಕು. ಬಡತನವನ್ನು ಇಲ್ಲಿ ವಿವರಕ್ಕಾಗಿ ಮಾತ್ರ ನಮೂದಿಸಿದ್ದೇನೆ. ಅದು ನನ್ನ ಸಮರ್ಥನೆಯಲ್ಲ. ಕೇಳಿದ್ದರೆ ತಾವು ಕೊಡುತ್ತಿದ್ದಿರಿ. ನಾನು ಕೇಳಲಿಲ್ಲ.

ಈ ಪತ್ರ ತಲುಪಿದ ಮರು ಶನಿವಾರ ಮುಂಜಾನೆಯ ಬಸ್ಸಿಗೆ ನಾನು ಬರುತ್ತೇನೆ. ನಲವತ್ತು ತಿಂಗಳ ಬಾಡಿಗೆ ವ್ಯತ್ಯಾಸ ಎರಡು ಸಾವಿರ ರೂಪಾಯಿ ಒಂದು ಕಂದು ಲಕೋಟೆಯಲ್ಲಿದೆ. ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು ಬರುತ್ತೇನೆ. ಸಕ್ಕರೆಯವರಿಗೆ ರೊಟ್ಟಿ ನಡೆಯುತ್ತದೆಂದು ವಿಚಾರಿಸಿಕೊಂಡಿದ್ದೇನೆ. ಬೈಯುವುದಿದ್ದರೆ ಮೊದಲು ಉಂಡು, ಶಕ್ತಿ ಬಂದ ಮೇಲೆ ಬೈಯಬೇಕು. ಬಾಗಿಲು ತೆರೆಯದಿದ್ದರೆ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ತಾವು ಉಣ್ಣುವವರೆಗೆ ಹಿತ್ತಲಲ್ಲಿ ಕುಳಿತಿರುತ್ತೇನೆ.

ತೆರೆದರೆ, ಅಂದು ಪಾತ್ರೆ ತಿಕ್ಕುತ್ತ ಕೇಳಿದಂತೆ ಇನ್ನೊಮ್ಮೆ ಕೇಳಿರಿ — ಯಾಕ ಸಾವಿತ್ರಿ, ಒಲಿ ಹಚ್ಚಿಲ್ಲ ಇವತ್ತ? ಅಂದು ಹೇಳಬೇಕಾಗಿದ್ದ ಉತ್ತರವನ್ನು ಈಗ ಕಲಿತಿದ್ದೇನೆ:

"ಹಸಿವ್ಯಾಗೈತ್ರೀ ಅಕ್ಕಾರ. ಮನ್ಯಾಗ ಏನಿಲ್ಲ. ಉಣ್ಣಾಕ ಹಾಕ್ರಿ."

ತಮ್ಮ ಹಿತ್ತಲ ಖೋಲಿಯ,
ಸಾವಿತ್ರಿ